ಸ್ಯಾಂಟೊರಿನಿಗೆ ಅಪ್ಪ ಅಮ್ಮನ ಜೊತೆ ಹೋಗ್ತಿದ್ದೀರಾ? ಬಿಸಿನೀರಿನ ಬುಗ್ಗೆಯ ಬೋಟ್ ಟಿಕೆಟ್ ತಗೊಳ್ಳುವ ಮುಂಚೆ ಇದನ್ನು ಓದಿ

ಊರಿಗೆ ಬಂದು ಹತ್ತು ದಿನ ಆಯ್ತು. ಕೋಪ ಇನ್ನೂ ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಗ್ರೀಸ್‌ನ ಸ್ಯಾಂಟೊರಿನಿಗೆ ನಾನು, ನನ್ನ ಹೆಂಡತಿ, ಅಪ್ಪ, ಅಮ್ಮ ಹೋಗಿದ್ದೆವು. ಫಿರಾ ಪೇಟೆಯಲ್ಲಿ ಒಂದು ಟೂರ್ ಆಫೀಸಿನ ಹೊರಗೆ ಬೋರ್ಡ್: ಜ್ವಾಲಾಮುಖಿ, ಬಿಸಿನೀರಿನ ಬುಗ್ಗೆ, ಇಯಾ ಊರಿನ ಸೂರ್ಯಾಸ್ತ. ಅಮ್ಮನಿಗೆ ಮಂಡಿನೋವು. ಬದರಿಯ ತಪ್ತಕುಂಡ ನೋಡಿ ಬಂದವಳು. "ಬಿಸಿನೀರು ಮಂಡಿಗೆ ಒಳ್ಳೇದು ಕಣೋ, ಕಾಲು ಇಳಿಬಿಟ್ಟು ಕೂತ್ಕೋಬಹುದು" ಅಂದಳು.

ನಾನು ಎರಡು ಸಲ ಕೇಳಿದೆ. ಅಮ್ಮನನ್ನು ತೋರಿಸಿಯೇ ಕೇಳಿದೆ. ಇವರಿಗೆ ಈಜು ಬರಲ್ಲ, ಬರಬಹುದಾ? ಕೌಂಟರಿನಲ್ಲಿದ್ದವನು ನಕ್ಕು, "ನೋ ಪ್ರಾಬ್ಲಂ ಸರ್, ಎಲ್ಲಾ ಸೇರಿದೆ, ವಯಸ್ಸಾದವರು ದಿನಾ ಬರ್ತಾರೆ" ಅಂದ. ನಾಲ್ಕು ಜನಕ್ಕೆ 180 ಯೂರೋ ಕಟ್ಟಿದೆ.

ಎಲ್ಲಾ ಸೇರಿದೆ ಅಂದಿದ್ದ, ಅಲ್ವಾ? ನೆಯಾ ಕಮೇನಿ ದ್ವೀಪದಲ್ಲಿ ಇಳಿದ ಕೂಡಲೇ ತಲೆಗೆ 5 ಯೂರೋ ಕೇಳಿದರು. 1950ರಲ್ಲಿ ಕೊನೆಯ ಸಲ ಉಕ್ಕಿದ ಜ್ವಾಲಾಮುಖಿ ಅದು. ದಾರಿಯುದ್ದಕ್ಕೂ ಕಪ್ಪು ಕಲ್ಲು, ಜಾರುವ ಜಲ್ಲಿ. ಒಂದು ಮರದ ನೆರಳಿಲ್ಲ. ಅಪ್ಪ ಅಮ್ಮ ಅರ್ಧಕ್ಕೇ ಕೂತುಬಿಟ್ಟರು. ಹೋಗಲಿ, ಬಿಸಿನೀರು ಇದೆಯಲ್ಲ ಅಂದುಕೊಂಡೆ.

ಬುಗ್ಗೆ ಇರುವ ಪಲೇಯಾ ಕಮೇನಿ ದ್ವೀಪದ ಹತ್ತಿರ ಬೋಟ್ ನಿಂತಿತು. ಅಮ್ಮ ಟವೆಲ್ ತೊಡೆ ಮೇಲೆ ಇಟ್ಟುಕೊಂಡು, ಸೀರೆ ನೆರಿಗೆ ಸ್ವಲ್ಪ ಮೇಲೆ ಸಿಕ್ಕಿಸಿ ಕಾಯುತ್ತಿದ್ದಳು. ದಡ ಇನ್ನೂ ದೂರ. ಮುಂದೆ ಹೋಗುತ್ತೆ ಅಂತ ಕಾದೆವು. ಹೋಗಲಿಲ್ಲ. ಗೈಡ್ ಮೈಕಿನಲ್ಲಿ, "ಇಲ್ಲಿಂದ ಹಾರಿ, ಈಜಿಕೊಂಡು ಹೋಗಿ, ಅರ್ಧ ಗಂಟೆ ಟೈಮ್" ಅಂದಳು. ಸುತ್ತ ಇದ್ದವರು ದಬದಬ ಸಮುದ್ರಕ್ಕೆ ಹಾರಿದರು. ಅಮ್ಮ ನನ್ನ ಮುಖ ನೋಡಿದಳು. "ನಾವು ಇಳಿಯೋದು ಎಲ್ಲಿ?"

ನನಗೆ ಬಾಯೇ ಬರಲಿಲ್ಲ. ಎರಡು ಸಲ ಕೇಳಿದ್ದೆ. ಎರಡು ಸಲ!

ಏನಿದೆ ನೋಡೋಣ ಅಂತ ನಾನೊಬ್ಬನೇ ಹಾರಿದೆ. ಮೊದಲು ಮೈ ಕೊರೆಯುವ ತಣ್ಣೀರು. ಸುಮಾರು 50 ಮೀಟರ್ ಈಜಿದ ಮೇಲೆ ಉಗುರುಬೆಚ್ಚಗಿನ ಕೆಂಚು ನೀರು. ಕಬ್ಬಿಣ, ಗಂಧಕದ ನೀರು ಅದು. ಬಿಳಿ ಟೀಶರ್ಟ್ ತುಕ್ಕಿನ ಬಣ್ಣಕ್ಕೆ ತಿರುಗಿತು, ಮೂರು ಸಲ ಒಗೆದರೂ ಹೋಗಿಲ್ಲ. ಅದನ್ನೂ ಯಾರೂ ಹೇಳಿರಲಿಲ್ಲ. ಗೈಡನ್ನು ಕೇಳಿದರೆ, "ಟಿಕೆಟ್ ಮಾರುವವರು ಬೇರೆ, ನಾವು ಬೇರೆ."

ಸೂರ್ಯಾಸ್ತ ಬೋಟಿನಿಂದಲೇ. ಇಯಾದ ಬೀದಿಗೆ ಕಾಲೇ ಇಡಲಿಲ್ಲ. ಕೊನೆಗೆ ಫಿರಾದ ಹಳೇ ಬಂದರಿನಲ್ಲಿ ಇಳಿಸಿ ಹೋದರು. ಮೇಲೆ ಹತ್ತಲು 600ರ ಹತ್ತಿರ ಮೆಟ್ಟಿಲು, ಇಲ್ಲಾ ಕೇಬಲ್ ಕಾರಿನ ಕ್ಯೂ. ಅದಕ್ಕೂ ಬೇರೆ ಟಿಕೆಟ್.

ಮರುದಿನ ಬೆಳಿಗ್ಗೆ ಆಫೀಸಿಗೆ ಹೋದೆ. ಅದೇ ಮನುಷ್ಯ. "ಬರಬಹುದು ಅಂದೆ, ಬೋಟಿಗೆ ಬಂದರಲ್ಲ" ಅಂದ. ಈಜು ಬರಲ್ಲ ಅಂತ ಹೇಳಿದ್ದೆನಲ್ಲ ಅಂದರೆ, "ನೆನಪಿಲ್ಲ." ಟಿಕೆಟ್ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ತೋರಿಸಿದ. ಬುಗ್ಗೆ ಈಜು ಬಲ್ಲವರಿಗೆ ಮಾತ್ರ. "ನೀವು ಓದಬೇಕಿತ್ತು." ಹಿಂದೆ ಜನ ನಿಂತಿದ್ದರು, ಅಪ್ಪ ತೋಳು ಹಿಡಿದು ಎಳೆದುಕೊಂಡು ಬಂದರು. ದುಡ್ಡು ವಾಪಸ್ ಕೇಳಿ ಮೇಲ್ ಹಾಕಿದ್ದಕ್ಕೆ ಒಂದೇ ಸಾಲು ಬಂತು: ಸೇವೆ ಪೂರ್ತಿ ಕೊಟ್ಟಿದ್ದೇವೆ.

ದೊಡ್ಡವರು ಜೊತೆಗಿದ್ದರೆ ಆ ದಿನವನ್ನು ಅಕ್ರೋತಿರಿಗೆ ಕೊಡಿ. ಫಿರಾದಿಂದ ಮಾಮೂಲಿ ಬಸ್ಸೇ ಇದೆ. ಸುಮಾರು 3,600 ವರ್ಷದ ಹಿಂದೆ ಬೂದಿಯಲ್ಲಿ ಹೂತುಹೋದ ಊರು, ಈಗ ಮೇಲೆ ಸೂರು ಹಾಕಿದ್ದಾರೆ, ಬಿಸಿಲಿಲ್ಲ. ಅಲ್ಲಿನ ದೊಡ್ಡ ದೊಡ್ಡ ಮಣ್ಣಿನ ಗುಡಾಣಗಳ ಮುಂದೆ ಅಮ್ಮ ಎಷ್ಟೋ ಹೊತ್ತು ನಿಂತಿದ್ದಳು. ಅಲ್ಲಿ ಸಿಕ್ಕ ನೀಲಿ ಕೋತಿಗಳ ಗೋಡೆಚಿತ್ರ ಫಿರಾದ ಮ್ಯೂಸಿಯಂನಲ್ಲಿದೆ. ರಜಾ ದಿನ ಯಾವುದು ಅಂತ ಮಾತ್ರ ಮೊದಲೇ ನೋಡಿಕೊಳ್ಳಿ.

ಬೋಟೇ ಬೇಕು ಅಂದರೆ, ಈಜು ಬರದವರು ಬುಗ್ಗೆಯ ನೀರು ಮುಟ್ಟಬಹುದಾ ಅಂತ ಕೇಳಿ. ಹೂಂ ಅಂದರೆ ಟಿಕೆಟ್ ಮೇಲೆ ಬರೆದುಕೊಡಿ ಅನ್ನಿ. ಬರೆಯದಿದ್ದರೆ ದುಡ್ಡು ಕಟ್ಟಬೇಡಿ, ಎದ್ದು ಬನ್ನಿ.