ಸೆಕ್ಯುರಿಟಿ ಕಲಿಯುವವರಿಗೆ ಡೆಬಿಯನ್: ಹಲವು ವರ್ಷ ಬಳಸಿದ ಮೇಲೆ

ಸೈಬರ್ ಸೆಕ್ಯುರಿಟಿ ಕಲಿಯಹೊರಟವರು ಮೊದಲು ಡೌನ್‌ಲೋಡ್ ಮಾಡುವುದು ಕಾಲಿ ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್. ಮೆನು ತುಂಬ ಟೂಲ್‌ಗಳು, ಹಿನ್ನೆಲೆಯಲ್ಲಿ ಡ್ರ್ಯಾಗನ್, ನೋಡಿದರೇ ಹುರುಪು. ಆದರೆ ಲಿನಕ್ಸ್ ಪರಿಚಯವೇ ಇಲ್ಲದವರಿಗೆ ಇದು ತಕ್ಕದ್ದಲ್ಲ ಅಂತ ಕಾಲಿ ತಂಡವೇ ತನ್ನ ದಾಖಲೆಗಳಲ್ಲಿ ಹೇಳಿಕೊಂಡಿದೆ. 2013ರಲ್ಲಿ ಬಂದ ಕಾಲಿ ನಿಂತಿರುವುದೂ 1993ರಿಂದ ನಡೆದುಬಂದಿರುವ ಡೆಬಿಯನ್ ಅನ್ನುವ ಇನ್ನೊಂದು ಲಿನಕ್ಸ್ ಮೇಲೆಯೇ. ಹಾಗಿದ್ದಮೇಲೆ ಬುಡದಿಂದಲೇ ಶುರುಮಾಡೋಣ ಅಂತ ಡೆಬಿಯನ್ ಸ್ಟೇಬಲ್, ಅಂದರೆ ಅದರ ಪರೀಕ್ಷಿಸಿ ಬಿಡುಗಡೆಮಾಡಿದ ಸ್ಥಿರ ಆವೃತ್ತಿ, ಹಾಕಿಕೊಂಡೆ. ಬುಲ್ಸ್‌ಐ, ಬುಕ್‌ವರ್ಮ್ ಅನ್ನುವ ಬಿಡುಗಡೆಗಳನ್ನು ದಾಟಿ ಈಗ ಟ್ರಿಕ್ಸಿಯಲ್ಲಿದ್ದೇನೆ.

ನನಗೆ ಅತಿ ಹೆಚ್ಚು ಕಲಿಸಿದ್ದು ಫೈಲ್ ಪರ್ಮಿಷನ್‌ಗಳು. ಪಾಸ್‌ವರ್ಡ್ ಬದಲಿಸುವ ಕಮಾಂಡ್ ಕೂಡ ಒಂದು ಫೈಲೇ ತಾನೆ? ಟರ್ಮಿನಲ್‌ನಲ್ಲಿ ಅದರ ವಿವರ ತೆಗೆದು ನೋಡಿ. ಮಾಲೀಕ ರೂಟ್, ಅಂದರೆ ಎಲ್ಲ ಅಧಿಕಾರವೂ ಇರುವ ಖಾತೆ. ಮಾಲೀಕನ ಆರ್ (ಓದು), ಡಬ್ಲ್ಯು (ಬರೆ) ಆದಮೇಲೆ ಎಕ್ಸ್ (ಓಡಿಸು) ಇರಬೇಕಾದ ಜಾಗದಲ್ಲಿ ಎಸ್ ಅಂತಿರುತ್ತದೆ. ಪಾಸ್‌ವರ್ಡ್ ಹ್ಯಾಶ್‌ಗಳಿರುವ (ಪಾಸ್‌ವರ್ಡ್‌ನ ಹಿಂದಕ್ಕೆ ತಿರುಗಿಸಲಾಗದ ರೂಪ) ಶ್ಯಾಡೋ ಫೈಲನ್ನು ಸಾಮಾನ್ಯ ಬಳಕೆದಾರ ಓದುವಂತೆಯೂ ಇಲ್ಲ. ಆದರೂ ತನ್ನ ಪಾಸ್‌ವರ್ಡನ್ನು ತಾನೇ ಬದಲಿಸಿಕೊಳ್ಳುತ್ತಾನಲ್ಲ, ಹೇಗೆ? ಆ ಎಸ್ ಇದ್ದರೆ, ಪ್ರೋಗ್ರಾಮನ್ನು ಯಾರೇ ಓಡಿಸಲಿ, ಅದು ಮಾಲೀಕನ ಅಧಿಕಾರದಲ್ಲಿ ಓಡುತ್ತದೆ. ಅನುಕೂಲವೂ ಅದೇ, ಅಪಾಯವೂ ಅದೇ. ಇಂಥ ಪ್ರೋಗ್ರಾಮಿನಲ್ಲಿ ತಕ್ಕ ಬಗ್ ಸಿಕ್ಕರೆ ದಾಳಿಕೋರನಿಗೆ ಇಡೀ ಮೆಷಿನ್ನೇ ಸಿಕ್ಕಂತೆ. 2022ರ ಜನವರಿಯಲ್ಲಿ ಬಯಲಾದ, ಬೇರೆ ಬಳಕೆದಾರನಾಗಿ ಕಮಾಂಡ್ ಓಡಿಸುವ ಪಿಕೆಎಕ್ಸೆಕ್ ಪ್ರೋಗ್ರಾಮಿನ ದೋಷ ಇದೇ ಜಾತಿಯದು, 2009ರಿಂದಲೂ ಕೋಡ್‌ನಲ್ಲಿ ತೆಪ್ಪಗೆ ಕೂತಿತ್ತು. ಈಗ ಯಾವ ಹೊಸ ಮೆಷಿನ್ ಸಿಕ್ಕರೂ ಎಸ್ ಗುರುತಿನ ಫೈಲ್‌ಗಳನ್ನು ಹುಡುಕಿ ಪಟ್ಟಿಮಾಡುವುದು ನನಗೆ ಅಭ್ಯಾಸವಾಗಿಬಿಟ್ಟಿದೆ.

ಪ್ರೋಸೆಸ್, ಪೋರ್ಟ್, ಸರ್ವಿಸ್‌ಗಳೂ ಹೀಗೇ ಒಂದೊಂದಾಗಿ ತಲೆಗೆ ಹತ್ತುತ್ತವೆ. ಡೆಬಿಯನ್‌ನ ಕನಿಷ್ಠ ಇನ್‌ಸ್ಟಾಲ್‌ನಲ್ಲಿ ಓಡುವುದೇ ಕೆಲವು ಸರ್ವಿಸ್, ಆದ್ದರಿಂದ ಯಾವುದು ಯಾಕೆ ಓಡುತ್ತಿದೆ ಅಂತ ಪ್ರತಿಯೊಂದನ್ನೂ ವಿಚಾರಿಸಬಹುದು.

ಸ್ಟೇಬಲ್‌ನಲ್ಲಿ ಎಲ್ಲ ಹಳೇ ಆವೃತ್ತಿಗಳು ಅಂತ ಬಯ್ಯುವವರಿದ್ದಾರೆ. ನಿಜ, ಹಳೆಯವೇ. ಆದರೆ ಸೆಕ್ಯುರಿಟಿ ಪ್ಯಾಚ್‌ಗಳನ್ನು ಆ ಹಳೆಯ ಆವೃತ್ತಿಗೇ ತಂದು ಸೇರಿಸುತ್ತಾರೆ, ಆವೃತ್ತಿ ಸಂಖ್ಯೆ ಮಾತ್ರ ನೋಡಿ ಅಸುರಕ್ಷಿತ ಅನ್ನುವಂತಿಲ್ಲ. 2024ರ ಮಾರ್ಚ್‌ನಲ್ಲಿ ದೂರದ ಮೆಷಿನ್‌ಗೆ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದ್ದುದರ ಬೆನ್ನುಹತ್ತಿದ ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್‌ಗೆ ಫೈಲ್ ಕುಗ್ಗಿಸುವ ಎಕ್ಸ್‌ಝಡ್ ಲೈಬ್ರರಿಯಲ್ಲಿ ಅಡಗಿಸಿದ್ದ ಹಿಂಬಾಗಿಲು ಸಿಕ್ಕಿತು. ಆ 5.6.0, 5.6.1 ಆವೃತ್ತಿಗಳು ಡೆಬಿಯನ್‌ನ ಇನ್ನೂ ಪರೀಕ್ಷೆಯಲ್ಲಿರುವ ಶಾಖೆಗಳಾದ ಟೆಸ್ಟಿಂಗ್, ಅನ್‌ಸ್ಟೇಬಲ್‌ಗೆ ಬಂದಾಗಿತ್ತು, ಕೆಲವು ದಿನ ಕಾಲಿಗೂ ಬಂದಿತ್ತು. ಸ್ಟೇಬಲ್‌ಗೆ ಮುಟ್ಟಿರಲಿಲ್ಲ. ಹಾಗಂತ ಡೆಬಿಯನ್‌ಗೆ ಪೂರ್ತಿ ಅಂಕ ಕೊಡಲಾರೆ: ಅವರದೇ ಒಂದು ಬದಲಾವಣೆಯಿಂದ ಗೂಢಲಿಪಿ ಲೈಬ್ರರಿ ಓಪನ್‌ಎಸ್‌ಎಸ್‌ಎಲ್ ತಯಾರಿಸುವ ಕೀಗಳು ಊಹಿಸುವಷ್ಟು ದುರ್ಬಲವಾಗಿ, ಅದು ಬೆಳಕಿಗೆ ಬಂದದ್ದು 2008ರಲ್ಲಿ. ಸ್ಟೇಬಲ್ ಬಳಸುತ್ತಿದ್ದವರೂ ಆಗ ಕೀಗಳನ್ನು ಹೊಸದಾಗಿ ಮಾಡಿಕೊಳ್ಳಬೇಕಾಯಿತು.

ಕಿರಿಕಿರಿಗಳೂ ಇವೆ. ಇನ್‌ಸ್ಟಾಲ್ ಮಾಡುವಾಗ ರೂಟ್ ಪಾಸ್‌ವರ್ಡ್ ಕೊಟ್ಟರೆ ನಿಮ್ಮ ಖಾತೆಗೆ ಸುಡೊ (ರೂಟ್ ಆಗಿ ಕಮಾಂಡ್ ಓಡಿಸುವ) ಅಧಿಕಾರ ಸಿಗುವುದಿಲ್ಲ, ಆ ಜಾಗ ಖಾಲಿ ಬಿಟ್ಟರೆ ಸಿಗುತ್ತದೆ. ಹೊಸಬರು ಇಲ್ಲೇ ಕಂಗಾಲಾಗುತ್ತಾರೆ. ಇನ್ನೊಂದು, ಲಾಗಿನ್ ಪ್ರಯತ್ನಗಳನ್ನು ಆಥ್ ಲಾಗ್ ಫೈಲ್‌ನಲ್ಲಿ ನೋಡಿ ಅನ್ನುವ ಪಾಠಗಳು ಎಲ್ಲೆಡೆ ಸಿಗುತ್ತವೆ, ಆದರೆ ಬುಕ್‌ವರ್ಮ್‌ನಿಂದೀಚೆಗೆ ಹೊಸ ಇನ್‌ಸ್ಟಾಲ್‌ನಲ್ಲಿ ಆ ಫೈಲ್ ತಾನಾಗಿ ಇರುವುದಿಲ್ಲ. ಲಾಗ್‌ಗಳನ್ನು ಫೈಲ್‌ಗೆ ಬರೆಯುವ ಆರ್‌ಸಿಸ್‌ಲಾಗ್ ಹಾಕಿಕೊಳ್ಳಬೇಕು, ಇಲ್ಲವೇ ಸಿಸ್ಟಮ್ ಲಾಗ್ ತೋರಿಸುವ ಜರ್ನಲ್‌ಸಿಟಿಎಲ್ ಕಮಾಂಡ್ ಕಲಿಯಬೇಕು. ಎರಡನೆಯದನ್ನೇ ಕಲಿಯಿರಿ.

ಎನ್‌ಮ್ಯಾಪ್ (ಪೋರ್ಟ್ ಹುಡುಕಲು), ವೈರ್‌ಶಾರ್ಕ್ (ನೆಟ್‌ವರ್ಕ್ ನೋಡಲು), ಜಾನ್ (ಪಾಸ್‌ವರ್ಡ್ ಭೇದಿಸಲು) ಎಲ್ಲ ಡೆಬಿಯನ್‌ನ ಇನ್‌ಸ್ಟಾಲ್ ಕಮಾಂಡ್ ಆಪ್ಟ್‌ನಲ್ಲೇ ಸಿಗುತ್ತವೆ. ದಾಳಿಗಳನ್ನು ಪರೀಕ್ಷಿಸುವ ಮೆಟಾಸ್ಪ್ಲಾಯ್ಟ್ ಡೆಬಿಯನ್ ಭಂಡಾರದಲ್ಲಿಲ್ಲ, ಅದಕ್ಕೆಂದು ಕಾಲಿಯನ್ನು ವರ್ಚುವಲ್ ಮೆಷಿನ್‌ನಲ್ಲಿ ಇಟ್ಟುಕೊಂಡಿದ್ದೇನೆ. ಐದಕ್ಕೆ ನಾಲ್ಕು ಸ್ಟಾರ್. ಇನ್‌ಸ್ಟಾಲರ್ ಆ ಸುಡೊ ವಿಷಯವನ್ನು ಇನ್ನಷ್ಟು ಕಣ್ಣಿಗೆ ಬೀಳುವಂತೆ ಹೇಳಿದ ದಿನ ಇನ್ನರ್ಧ ಸೇರಿಸುತ್ತೇನೆ.