ನಾಲ್ಕು ಥರ ಸೀಸನ್ ಮಾಡಿ ನೋಡಿದೆ, ನನ್ನ ಓಟು ಮೂರು ವಾರದ್ದಕ್ಕೆ

ಬಳ್ಳಾರಿಯ ಕೌಲ್‌ಬಜಾರ್ ಕಡೆ ಒಂದು ಸಣ್ಣ ಬಯಲಿನಲ್ಲಿ ಹುಡುಗರಿಗೆ ವಾಲಿಬಾಲ್, ಹುಡುಗಿಯರಿಗೆ ಥ್ರೋಬಾಲ್ ಹೇಳಿಕೊಡುತ್ತೇನೆ. ಸಂಬಳದ ಕೆಲಸ ಅಲ್ಲ, ಸುಮ್ನೆ ಒಂದು ಹುಚ್ಚು. 2020ರ ಅಕ್ಟೋಬರ್‌ನಿಂದ 2022ರ ಜನವರಿವರೆಗೆ ಕೊರೊನಾ ನಿಯಮಗಳ ನಡುವೆ ನಾಲ್ಕು ಥರ ಸೀಸನ್ ಮಾಡಿದೆ. ಯಾವುದು ನಿಂತಿತು, ಯಾವುದು ನೆಗೆದು ಬಿತ್ತು ಅಂತ ಬರೆದಿಡುತ್ತಿದ್ದೇನೆ.

ಮೊದಲು ಆಟದ ಮಾತು. ನಮ್ಮಲ್ಲಿ ಕಬಡ್ಡಿಯೂ ಇತ್ತು, ಅದನ್ನು ಮೊದಲ ದಿನವೇ ಬಿಟ್ಟೆ. ಒಬ್ಬನ ಮೇಲೆ ಏಳು ಜನ ಬೀಳುವ ಆಟ, ಅದೂ ಮುಖಕ್ಕೆ ಮುಖ ಕೊಟ್ಟು ಕಬಡ್ಡಿ ಕಬಡ್ಡಿ ಅಂತ ಕೂಗಬೇಕು. ಖೋ-ಖೋ ಪರವಾಗಿಲ್ಲ ಅಂದುಕೊಂಡೆ, ಆದರೆ ಅಲ್ಲೂ ಬೆನ್ನು ಮುಟ್ಟದೆ ಖೋ ಕೊಡಲು ಆಗುವುದಿಲ್ಲ. ವಾಲಿಬಾಲ್‌ನಲ್ಲಿ ನಡುವೆ ನೆಟ್ ಇರುತ್ತದೆ, ಆ ಕಡೆಯ ಆರು ಜನ ಈ ಕಡೆ ಬರುವುದಿಲ್ಲ. ಎರಡೂ ತಂಡ ಮುಟ್ಟುವುದು ಚೆಂಡೊಂದನ್ನೇ, ಅದನ್ನು ಒರೆಸಿಕೊಂಡರೆ ಆಯಿತು.

ಮೊದಲ ಪ್ರಯೋಗ, ಬರೀ ಬ್ಯಾಚ್. ಒಂದೇ ಓಣಿಯ ಆರಾರು ಮಕ್ಕಳು, ಬೆಳಿಗ್ಗೆ ಮುಕ್ಕಾಲು ಗಂಟೆ, ಪಂದ್ಯ ಇಲ್ಲ. ಎಲ್ಲಕ್ಕಿಂತ ಸೇಫ್ ಇದೇ, ಖರ್ಚೂ ಇಲ್ಲ. ಮನೆಯವರೂ ಧೈರ್ಯವಾಗಿ ಕಳಿಸಿದರು. ಒಬ್ಬ ಅಮ್ಮ ಮಾತ್ರ ದಿನಾ ಬಂದು "ನಮ್ಮತ್ತೇರಿಗೆ ಶುಗರ್ ಐತ್ರಿ ಸರ್, ಸ್ವಲ್ಪ ದೂರ ನಿಲ್ಲಿಸ್ರಿ" ಅಂತ ಹೇಳಿ ಹೋಗುತ್ತಿದ್ದರು, ತಪ್ಪೇನಿಲ್ಲ. ತೊಂದರೆ ಬೇರೆಯೇ ಇತ್ತು. ಪಂದ್ಯವೇ ಇಲ್ಲ ಅಂದಮೇಲೆ ಹುಡುಗರು ಎಷ್ಟು ದಿನ ಗೋಡೆಗೆ ಚೆಂಡು ಹೊಡೆಯುತ್ತಾರೆ? ನಾಲ್ಕನೇ ವಾರಕ್ಕೆ ಅರ್ಧ ಜನ ಮೊಬೈಲಿಗೆ ವಾಪಸ್. ಹುಡುಗಿಯರು ಬಿಡಲಿಲ್ಲ. ಶಾಲೆ ಮುಚ್ಚಿದ ಮೇಲೆ ಅವರಿಗೆ ಮನೆಯಿಂದ ಹೊರಗೆ ಬರಲು ಇದ್ದದ್ದು ಆ ಮುಕ್ಕಾಲು ಗಂಟೆ ಒಂದೇ.

ಇಲ್ಲೇ ಒಂದು ಮಾತು ಹೇಳಬೇಕು. ಗನ್ ಥರದ ಥರ್ಮಾಮೀಟರ್ ತಂದಿದ್ದೆ. ಮೊದಲ ದಿನ ಸೈಕಲ್ ತುಳಿದುಕೊಂಡು ಬಂದ ಮೂವರ ಹಣೆಗೆ ಹಿಡಿದರೆ 38, 38.5, ಇನ್ನೊಬ್ಬನಿಗೆ 39! ಮೂವರನ್ನೂ ಮನೆಗೆ ಕಳಿಸಲು ಹೊರಟೆ. ಆಮೇಲೆ ಹೊಳೆಯಿತು, ಇದು ಜ್ವರ ಅಲ್ಲ, ಬಳ್ಳಾರಿ ಬಿಸಿಲು. ಬೇವಿನ ಮರದ ಕೆಳಗೆ ಹತ್ತು ನಿಮಿಷ ಕೂರಿಸಿ ಮತ್ತೆ ಹಿಡಿದೆ, ಎಲ್ಲರೂ 36ರ ಆಸುಪಾಸು. ಅವತ್ತಿನಿಂದ ಮರದ ಕೆಳಗೆ ಸುಣ್ಣದಲ್ಲಿ ಗುಂಡಗೆ ಗೆರೆ ಎಳೆದಿಟ್ಟೆ. ಬಂದವರು ಮೊದಲು ಆ ಗೆರೆಯೊಳಗೆ ಕೂರಬೇಕು, ಆಮೇಲೆ ಟೆಂಪರೇಚರ್. ಮಾಸ್ಕ್ ಕೂತಾಗ ಮಾತ್ರ. ಓಡುವಾಗ ಹಾಕಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿತ್ತು.

ಎರಡನೆಯದು 2021ರ ಫೆಬ್ರವರಿಯಲ್ಲಿ ಒಂದೇ ದಿನದ ನಾಕೌಟ್. ಎಂಟು ತಂಡ, ಏಳು ಪಂದ್ಯ. ಒಂದೇ ದಿನ ತಾನೇ, ಮುಗಿದೇ ಹೋಗುತ್ತದಲ್ಲ ಅನ್ನುವುದು ಲೆಕ್ಕ. ಲೆಕ್ಕ ಸರಿ, ಜನ ಸರಿ ಇರಲಿಲ್ಲ. ಸೋತವರು ಮನೆಗೆ ಹೋಗಲಿಲ್ಲ, ಅಣ್ಣ ತಮ್ಮಂದಿರನ್ನೂ ಕರೆದುಕೊಂಡು ಬಂದು ಕೂತರು. ಮಧ್ಯಾಹ್ನಕ್ಕೆ ಮಂಡಕ್ಕಿ ಗಾಡಿಯವನೂ ಬಂದ. ಮತ್ತೆ ಮಾಡುವುದಿಲ್ಲ.

ಮೂರನೆಯದು ಲೀಗ್. ಹೊಟ್ಟೆ ಉರಿಯುವುದು ಇದಕ್ಕೇ. ಆರು ತಂಡ, ಎಲ್ಲರೂ ಎಲ್ಲರ ಜೊತೆ, ಅಂದರೆ 15 ಪಂದ್ಯ. ಭಾನುವಾರಕ್ಕೆ ಎರಡರಂತೆ ಎಂಟು ಭಾನುವಾರ. 2021ರ ಮಾರ್ಚ್ 14ಕ್ಕೆ ಶುರು ಮಾಡಿದೆವು. ತಲೆಗೆ 150 ರೂಪಾಯಿ ಮೊದಲೇ ಇಸ್ಕೊಂಡು, ಟೀ ಶರ್ಟ್ ಮೇಲೆ 2021 ಅಂತ ಪ್ರಿಂಟ್ ಕೂಡ ಹಾಕಿಸಿದ್ದೆ. ಆಟದ ಮಟ್ಟಿಗೆ ಹೇಳುವುದಾದರೆ ಇದರಷ್ಟು ಚೆಂದ ಯಾವುದೂ ಇರಲಿಲ್ಲ, ಮಕ್ಕಳು ವಾರವಿಡೀ ಪಾಯಿಂಟ್ ಲೆಕ್ಕ ಹಾಕುತ್ತಿದ್ದರು. ಆದರೆ ಒಬ್ಬ ಹುಡುಗನ ಮನೆಯಲ್ಲಿ ಪಾಸಿಟಿವ್ ಬಂದ ಕೂಡಲೇ ಅವನ ಇಡೀ ತಂಡ ಎರಡು ವಾರ ಔಟ್, ಎರಡು ವಾಕ್‌ಓವರ್, ಪಾಯಿಂಟ್ ಯಾರಿಗೆ ಅಂತ ಜಗಳ. ಆರನೇ ಭಾನುವಾರ ದಾಟಿದ ಮೇಲೆ ವೀಕೆಂಡ್ ಕರ್ಫ್ಯೂ ಬಂತು, ಏಪ್ರಿಲ್ 27ರ ರಾತ್ರಿಯಿಂದ ಇಡೀ ರಾಜ್ಯವೇ ಬಂದ್. ಮೂರು ಪಂದ್ಯ ಬಾಕಿ. ಮುಂದಕ್ಕೆ ಹಾಕೋಣ ಅಂದರೆ ಮೇ ತಿಂಗಳ ಬಿಸಿಲು. ಬೇರೆ ವರ್ಷವಾದರೆ ರಾತ್ರಿ ಲೈಟ್ ಹಾಕಿ ಆಡಿಸುತ್ತಿದ್ದೆವು, ಅದಕ್ಕೂ ಕಲ್ಲು ಬಿತ್ತು. ದುಡ್ಡು ವಾಪಸ್ ಕೇಳಿದವರಿಗೆ ಟೀ ಶರ್ಟ್ ತೋರಿಸಿ ಕೈ ಮುಗಿದೆ.

ನಾಲ್ಕನೆಯದು ಆ ಪೆಟ್ಟಿನಿಂದ ಹುಟ್ಟಿದ್ದು. 2021ರ ಆಗಸ್ಟಿನಲ್ಲಿ ದೊಡ್ಡ ಸೀಸನ್ನಿನ ಆಸೆ ಬಿಟ್ಟು ತುಂಡು ಮಾಡಿದೆ. ನಾಲ್ಕು ತಂಡ, ಆರು ಪಂದ್ಯ, ಮೂರು ಭಾನುವಾರ, ಅಷ್ಟಕ್ಕೇ ಒಂದು ಚಾಂಪಿಯನ್. ಮಧ್ಯೆ ಒಂದು ವಾರ ರಜೆ, ಆಮೇಲೆ ಹೊಸದಾಗಿ ಸೊನ್ನೆಯಿಂದ ಶುರು. ತುಂಡಿಗೆ 40 ರೂಪಾಯಿ, ಮುಂಗಡ ಇಲ್ಲ. ಯಾವಾಗ ಬಂದ್ ಆದರೂ ಕೆಡುವುದು ಒಂದು ತುಂಡು ಮಾತ್ರ. ಗೆದ್ದವರಿಗೆ ಕಪ್ ಇಲ್ಲ, ಮುಂದಿನ ತುಂಡಿನವರೆಗೆ ಚೆಂಡು ಅವರ ಮನೆಯಲ್ಲಿ ಇರುತ್ತದೆ. ಇದಕ್ಕೆ ಅವರು ಕಪ್‌ಗಿಂತ ಜಾಸ್ತಿ ಹೊಡೆದಾಡಿದರು!

ಕೊರತೆಯೂ ಇದೆ. ಮೂರೇ ವಾರದಲ್ಲಿ ಹಿಂದೆ ಬಿದ್ದ ತಂಡ ಸುಧಾರಿಸಿಕೊಳ್ಳಲು ಆಗುವುದಿಲ್ಲ, ಹೆಡ್ಡ ಟೀಮ್ ಹೆಡ್ಡಾಗಿಯೇ ಉಳಿಯುತ್ತದೆ. ಅದಕ್ಕೆ ಪ್ರತಿ ತುಂಡಿಗೂ ಚೀಟಿ ಎತ್ತಿ, ಒಂದು ಓಣಿಯ ತಂಡದಿಂದ ಇನ್ನೊಂದಕ್ಕೆ ಇಬ್ಬಿಬ್ಬರನ್ನು ಅದಲುಬದಲು ಮಾಡಿದೆ. ಓಣಿ ಬೆರೆತರೆ ಸೋಂಕು ಹರಡುವುದಿಲ್ವಾ ಅಂತ ಕೇಳಬಹುದು. ನಡುವಿನ ಒಂದು ವಾರದ ರಜೆ ಅದಕ್ಕೇ ಇಟ್ಟಿದ್ದು.

ನಿಜವಾದ ಪರೀಕ್ಷೆ 2022ರ ಜನವರಿಯಲ್ಲಿ. 2ನೇ ತಾರೀಖು ಭಾನುವಾರ ಮೊದಲ ಎರಡು ಪಂದ್ಯ ಆದವು, ಮುಂದಿನ ಎರಡು ಭಾನುವಾರ ವೀಕೆಂಡ್ ಕರ್ಫ್ಯೂಗೆ ಹೋದವು. 21ಕ್ಕೆ ಕರ್ಫ್ಯೂ ತೆಗೆದರು, 23 ಮತ್ತು 30ಕ್ಕೆ ಉಳಿದ ನಾಲ್ಕು ಪಂದ್ಯ ಮುಗಿಸಿದೆವು. ಅದೇ ತಿಂಗಳು 15 ದಾಟಿದವರಿಗೆ ಲಸಿಕೆ ಶುರುವಾಗಿತ್ತು. ಕೈ ನೋವು, ಸರ್ವಿಸ್ ಆಗಲ್ಲ ಅಂದವರನ್ನು ಸ್ಕೋರ್ ಬರೆಯಲು ಕೂರಿಸಿದೆ.

ಲೀಗ್‌ನ ಆ ಮೂರು ಪಂದ್ಯ ಮಾತ್ರ ಇನ್ನೂ ಬಾಕಿಯೇ. ಆ ಹುಡುಗರಿಗೆ ಈಗ ಮೀಸೆ ಬಂದಿದೆ. ಮೊನ್ನೆ ಒಬ್ಬ 2021ರ ಟೀ ಶರ್ಟ್‌ನಲ್ಲಿ ಬೈಕ್ ಒರೆಸುತ್ತಾ ಕೇಳಿದ, "ಸರ, ಫೈನಲ್ ಯಾವಾಗ್ರಿ?"