ಕುರಿ ಗಬ್ಬ ನೋಡಲು ಅಲ್ಟ್ರಾಸೌಂಡ್ ಸ್ಕ್ಯಾನರೋ, ಎಲೈಸಾನೋ?

ಬಳ್ಳಾರಿಯಲ್ಲಿ ಕುರಿ ಸಂತಾನದ ಲ್ಯಾಬ್ ಶುರು ಮಾಡುವವರು ಮೊದಲು ಯಾವುದನ್ನು ಕೊಳ್ಳಬೇಕು?

ಎಲೈಸಾ, ಅಂದರೆ ರಕ್ತದಲ್ಲಿ ಹಾರ್ಮೋನು ಅಳೆಯುವ ಲ್ಯಾಬ್ ಪರೀಕ್ಷೆ, ಬೇಗ. ಟಗರು ಹಾರಿದ 17–18ನೇ ದಿನಕ್ಕೇ ರಕ್ತದಲ್ಲಿ ಪ್ರೊಜೆಸ್ಟರಾನ್ ಎಂಬ ಗಬ್ಬ ಕಾಯುವ ಹಾರ್ಮೋನು ನೋಡಬಹುದು. ಕಡಿಮೆ ಇದ್ದರೆ ಗಬ್ಬ ಇಲ್ಲ, ಬಹುಪಾಲು ಖಚಿತ. ಜಾಸ್ತಿ ಇದ್ದರೆ ಅಷ್ಟು ನಂಬುವಂತಿಲ್ಲ. ಪರೀಕ್ಷೆಯ ಒಂದು ಪ್ಲೇಟಿನಲ್ಲಿ ಮಾದರಿ ಹಾಕಲು 96 ಗುಳಿ. ನಾಲ್ಕೇ ಕುರಿಗೆ ಸುಮ್ನೆ ಕಿಟ್ ಒಡೆದರೆ ದುಡ್ಡು ದಂಡ. ಕಿಟ್ 2ರಿಂದ 8 ಡಿಗ್ರಿಯಲ್ಲೇ ಇರಬೇಕು. ನಮ್ಮ ಮೇ ಬಿಸಿಲಲ್ಲಿ ಕರೆಂಟ್ ಹೋದರೆ? ಜನರೇಟರ್ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ.

ಸ್ಕ್ಯಾನರ್‌ಗೆ ಕಾಯಬೇಕು. ಹೊಟ್ಟೆ ಮೇಲಿಂದ ನೋಡಲು 40 ದಿನ ದಾಟಿದರೆ ಒಳ್ಳೆಯದು. ಆದರೆ ಉತ್ತರ ಹಟ್ಟಿಯಲ್ಲೇ ಸಿಗುತ್ತದೆ, ಮರಿಯ ಎದೆಬಡಿತವೂ ಕಾಣುತ್ತದೆ. ವಲಸೆ ಕುರಿಗಾರರು ನಾಳೆ ಬೇರೆ ಊರಲ್ಲಿರುತ್ತಾರೆ, ಅಲ್ವಾ?

ನಾನಾದರೆ ಮೊದಲು ಸ್ಕ್ಯಾನರ್. ಹಾರ್ಮೋನಿನ ಏರಿಳಿತವೇ ನಿಮ್ಮ ಸಂಶೋಧನೆಯಾದರೆ ಮಾತ್ರ ಎಲೈಸಾ.